ಸಣ್ಣ ಊರುಗಳು ಒಟ್ಟಾಗಿ ಹವಾಮಾನ ಕೆಲಸಕ್ಕೆ ಹಣ ಹೊಂದಿಸುವುದು ಹೇಗೆ: ಕೊಡಗಿನವರಿಗೆ ಒಂದು ಕೈಪಿಡಿ

2018ರ ಆಗಸ್ಟ್‌ನ ಭೂಕುಸಿತ ಆದಮೇಲೆ ಕೊಡಗಿಗೆ ಹಣ ಬರುವ ಕ್ರಮ ಒಂದೇ ಆಗಿಬಿಟ್ಟಿದೆ. ಮಳೆ ಹಿಡಿಯುತ್ತದೆ, ಬರೆ (ಗುಡ್ಡದ ಇಳಿಜಾರು) ಕುಸಿಯುತ್ತದೆ, ಆಮೇಲೆ ಪರಿಹಾರ ಬರುತ್ತದೆ. ಕುಸಿದ ಕಡೆ ತಡೆಗೋಡೆ ಕಟ್ಟುತ್ತಾರೆ. ಮುಂದಿನ ಮಳೆಗೆ ಇನ್ನೊಂದು ಕಡೆ ಕುಸಿಯುತ್ತದೆ. ಮಳೆಗೆ ಮೊದಲೇ ಕೆಲಸ ಮಾಡಿಸೋಣ ಅಂದರೆ ದುಡ್ಡೆಲ್ಲಿ ಎಂಬ ಪ್ರಶ್ನೆ ಏಳುತ್ತದೆ, ಸಭೆ ಅಲ್ಲಿಗೇ ಮುಗಿಯುತ್ತದೆ.

ನಾನು ಇದೇ ಜಿಲ್ಲೆಯ ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಈಗ ಸುಂಟಿಕೊಪ್ಪದ ಹತ್ತಿರ ತೋಟ ನೋಡಿಕೊಂಡಿದ್ದೇನೆ. ಹಣ ಇದೆ, ನಮ್ಮ ಊರುಗಳು ಒಬ್ಬೊಬ್ಬರಾಗಿ ಕೇಳುತ್ತಿರುವುದರಿಂದ ಸಿಗುತ್ತಿಲ್ಲ. ಕಡತಗಳ ನಡುವೆ ಕೂತು ನಾನು ಕಂಡುಕೊಂಡದ್ದು ಇದು. ನಗರಸಭೆ, ಪುರಸಭೆ, ಪಂಚಾಯಿತಿಗಳ ಸದಸ್ಯರಿಗೆ ಮತ್ತು ಅವರನ್ನು ಪ್ರಶ್ನೆ ಕೇಳುವ ಊರವರಿಗೆ ಇದನ್ನು ಬರೆಯುತ್ತಿದ್ದೇನೆ.

ಸಾಲ ಕೊಡುವವರ ಜಾಗದಲ್ಲಿ ನಿಂತು ಒಮ್ಮೆ ನೋಡಿ. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ 33,381. ಇಷ್ಟು ಸಣ್ಣ ಊರು ಎರಡು ಕೋಟಿ ಕೇಳಿದರೂ ಸಾಲ ತೀರಿಸುವ ಶಕ್ತಿ ಅಳೆಯುವ ರೇಟಿಂಗ್ ಬೇಕು, ವಕೀಲರು ಬೇಕು, ಯೋಜನಾ ವರದಿ ಬೇಕು. ದೊಡ್ಡ ಸಾಲಕ್ಕೂ ಹೆಚ್ಚುಕಮ್ಮಿ ಅಷ್ಟೇ ಓಡಾಟ. ಜೊತೆಗೆ ಒಂದು ಊರಿನ ವಸೂಲಿ ಬಿದ್ದರೆ ಕಂತೇ ನಿಂತುಹೋಗುತ್ತದೆ ಅನ್ನುವ ಭಯ. ಸಣ್ಣ ತೋಟದವರನ್ನು ಬ್ಯಾಂಕು ಕಣ್ಣೆತ್ತಿ ನೋಡದ ಕಾಲದಲ್ಲಿ ನಮ್ಮ ಹಿರಿಯರು ಊರೂರಿಗೆ ಸಹಕಾರ ಸಂಘ ಕಟ್ಟಿಕೊಂಡರು. ಪುರಸಭೆಗಳಿಗೆ ಈಗ ಬೇಕಿರುವುದೂ ಅದೇ.

ಇದು ಹೊಸ ವಿಚಾರವೇನಲ್ಲ. 2002ರಲ್ಲಿ ತಮಿಳುನಾಡಿನ 13 ಸಣ್ಣ ಮತ್ತು ಮಧ್ಯಮ ಊರುಗಳು ನೀರು, ನೈರ್ಮಲ್ಯದ ಕೆಲಸಕ್ಕೆ ಒಟ್ಟಾಗಿ ಬಾಂಡ್ (ಹೂಡಿಕೆದಾರರಿಗೆ ಬರೆದುಕೊಡುವ ಸಾಲಪತ್ರ) ಮೂಲಕ 30.41 ಕೋಟಿ ರೂಪಾಯಿ ಎತ್ತಿದವು. ಅದಕ್ಕೆ ಹಾಕಿದ್ದ ಭದ್ರತೆಯನ್ನು ಗಮನವಿಟ್ಟು ನೋಡಿ, ನಾವು ಕಲಿಯಬೇಕಾದದ್ದು ಅಲ್ಲೇ ಇದೆ. ಪ್ರತಿ ಊರೂ ತನ್ನ ವರಮಾನದಿಂದ ಕಂತಿನ ಹಣವನ್ನು ಪ್ರತ್ಯೇಕ ಖಾತೆಗೆ ಮೊದಲೇ ಹಾಕಬೇಕು. ಇದಕ್ಕೆ ಎಸ್ಕ್ರೋ ಖಾತೆ ಅನ್ನುತ್ತಾರೆ. ಯಾರಾದರೂ ತಪ್ಪಿದರೆ ಎತ್ತಿಕೊಳ್ಳಲು ಒಂದು ಮೀಸಲು ನಿಧಿ. ಅದೂ ಸಾಲದಿದ್ದರೆ ಆ ಊರಿಗೆ ಬರಬೇಕಾದ ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ಸರ್ಕಾರವೇ ಹಿಡಿದುಕೊಳ್ಳುತ್ತದೆ. ಕೊನೆಗೆ ಅಸಲಿನ ಅರ್ಧಕ್ಕೆ ಅಮೆರಿಕದ ನೆರವು ಸಂಸ್ಥೆ ಯುಎಸ್‌ಎಐಡಿ ಜಾಮೀನು ನಿಂತಿತ್ತು. ಒಂದು ತಪ್ಪಿದರೆ ಇನ್ನೊಂದು ಹಿಡಿಯುವ ಹಾಗೆ ನಾಲ್ಕು ಕಾವಲು. ಒಂದು ಊರಿನ ಹೆಸರು ಕೇಳಿ ಹಣ ಕೊಡದವರು ಈ ಕಾವಲುಗಳನ್ನು ನೋಡಿ ಕೊಟ್ಟರು.

ನಮ್ಮ ರಾಜ್ಯದಲ್ಲೂ ಆಗಿದೆ. 2005ರಲ್ಲಿ ಬೆಂಗಳೂರಿನ ಸುತ್ತಲಿನ ಎಂಟು ಊರುಗಳು, ಯಲಹಂಕ, ಕೆಂಗೇರಿ, ಬೊಮ್ಮನಹಳ್ಳಿ, ಮಹದೇವಪುರ ಮೊದಲಾದವು, ಇದೇ ಮಾದರಿಯಲ್ಲಿ 100 ಕೋಟಿ ರೂಪಾಯಿ ಎತ್ತಿದವು. ಆಗಿನ್ನೂ ಅವು ಬೆಂಗಳೂರಿಗೆ ಸೇರಿರಲಿಲ್ಲ, ಸೇರಿದ್ದು 2007ರಲ್ಲಿ. ಆ ಹಣ ಎತ್ತಿದ್ದು ಕಾವೇರಿ ನೀರನ್ನು ಮನೆಮನೆಗೆ ತರಿಸಿಕೊಳ್ಳಲು. ಕಾವೇರಿ ನೀರು ಕೊಳವೆಯಲ್ಲಿ ತಲುಪುವ ಕಡೆಯ ಊರುಗಳು ಒಟ್ಟಾಗಿ ಸಾಲ ತಂದವು. ಅದು ಹುಟ್ಟುವ ಕಡೆಯ ಊರುಗಳಿಗೆ ಆಗದು ಅನ್ನಲು ನನಗೆ ಕಾರಣ ಕಾಣುವುದಿಲ್ಲ.

ಜೊತೆಗಾರರನ್ನು ಆರಿಸಿ

ಹೊಳೆ ಹಿಡಿದು ಆರಿಸಿ. ಯಾವ ಪಕ್ಷದ ಆಡಳಿತ ಎಂದು ನೋಡಬೇಡಿ, ಐದು ವರ್ಷಕ್ಕೆ ಅದು ಬದಲಾಗುತ್ತದೆ. ಸಾಲದ ಅವಧಿ ಹತ್ತು ಹದಿನೈದು ವರ್ಷ. ಮಡಿಕೇರಿ ಬೆಟ್ಟದ ನೀರು ಇಳಿದು ಹೋಗುವುದು ಹಾರಂಗಿ, ಕಾವೇರಿ ಕಡೆಗೆ. ಹೊಳೆ ಉಕ್ಕಿದಾಗ ಕುಶಾಲನಗರದ ದಡದ ಬಡಾವಣೆಗಳಿಗೆ ನೀರು ನುಗ್ಗುತ್ತದೆ. ಮೇಲಿನವರು ತೋಡು ಮುಚ್ಚಿ ಕಟ್ಟಡ ಕಟ್ಟಿದರೆ ಕೆಳಗಿನವರು ಎಷ್ಟು ಖರ್ಚು ಮಾಡಿದರೂ ಸಾಲದು. ಹಾಗಾಗಿ ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಸೋಮವಾರಪೇಟೆ ಜೊತೆಗೆ ಗೋಣಿಕೊಪ್ಪದಂಥ ದೊಡ್ಡ ಪಂಚಾಯಿತಿಗಳನ್ನೂ ಕರೆಯಿರಿ.

ನಗರಸಭೆ, ಪಂಚಾಯಿತಿ ಒಟ್ಟಿಗೆ ಕೂರಲು ಕಾನೂನು ಬಿಡುತ್ತದೆಯಾ ಅಂತ ಕೇಳುವವರಿದ್ದಾರೆ. ಸಂವಿಧಾನದ 243ಝಡ್‌ಡಿ ವಿಧಿಯಲ್ಲಿರುವ ಜಿಲ್ಲಾ ಯೋಜನಾ ಸಮಿತಿ ಇರುವುದೇ ಇದಕ್ಕೆ. ನೀರು ಹಂಚಿಕೆ, ಮೂಲಸೌಕರ್ಯ, ಪರಿಸರ ರಕ್ಷಣೆ ಈ ಮೂರೂ ವಿಷಯ ಅಲ್ಲಿ ಹೆಸರು ಹಿಡಿದು ಬಂದಿವೆ. ಸುಮ್ನೆ ವಾರ್ಷಿಕ ಯೋಜನೆಗೆ ಸಹಿ ಹಾಕುವ ಸಮಿತಿಯಾಗಿ ಅದನ್ನು ಉಳಿಸಿಕೊಳ್ಳಬೇಡಿ. ಜಂಟಿ ಯೋಜನೆಯ ಪ್ರಸ್ತಾವನೆ ಅಲ್ಲಿಂದಲೇ ಹೊರಡಲಿ.

ಕೆಲಸಗಳನ್ನು ಎರಡು ಪಾಲು ಮಾಡಿ

ಹಣ ಉಳಿಸುವ ಅಥವಾ ಗಳಿಸುವ ಕೆಲಸ ಒಂದು ಕಡೆ: ಪಂಪು, ಬೀದಿದೀಪ, ಸೋಲಾರ್, ಕಸ ಸಂಸ್ಕರಣೆ. ಇವುಗಳಿಗೆ ಮಾತ್ರ ಸಾಲ. ಜೀವ ಉಳಿಸುವ, ಆದರೆ ವರಮಾನ ತಾರದ ಕೆಲಸ ಇನ್ನೊಂದು ಕಡೆ: ಬರೆಗೆ ತಡೆಗೋಡೆ, ಮಳೆನೀರು ಚರಂಡಿ, ತೋಡು ಬಿಡಿಸುವುದು, ಅಪಾಯದ ಜಾಗದಿಂದ ಮನೆಗಳ ಸ್ಥಳಾಂತರ. ಇವುಗಳಿಗೆ ಅನುದಾನವೇ ಬೇಕು, ಸಾಲ ತಂದರೆ ಊರು ಮುಳುಗುತ್ತದೆ. 15ನೇ ಹಣಕಾಸು ಆಯೋಗ ವಿಪತ್ತು ನಿಧಿಯನ್ನು ಎರಡು ಮಾಡಿ, ಶೇ 80 ಪರಿಹಾರದ ಕಡೆಗೆ, ಶೇ 20 ವಿಪತ್ತು ತಗ್ಗಿಸುವ ಕೆಲಸಕ್ಕೆ ಅಂತ ಇಟ್ಟಿತು. ಆ ಎರಡನೇ ಪಾಲನ್ನು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮೂಲಕ ಹೋಗಿ. ಅಲ್ಲೂ ಒಂದೇ ಬರೆಯ ಫೋಟೊ ಹಿಡಿದು ಹೋಗಬೇಡಿ. ಎಲ್ಲ ಊರುಗಳ ಅಪಾಯದ ಜಾಗಗಳ ಒಂದೇ ಪಟ್ಟಿ ಮಾಡಿ, ಯಾವುದು ಮೊದಲು ಅಂತ ನೀವೇ ಒಪ್ಪಿಕೊಂಡು ಹೋಗಿ.

ಮೊದಲ ಯೋಜನೆ: ಪಂಪ್‌ಹೌಸ್

ನನ್ನನ್ನು ಕೇಳಿದರೆ ಮೊದಲ ಜಂಟಿ ಯೋಜನೆ ಕುಡಿಯುವ ನೀರಿನ ಪಂಪುಗಳೇ ಆಗಬೇಕು. ಮಡಿಕೇರಿಗೆ ಕೂಟುಹೊಳೆಯಿಂದ ನೀರು ಬೆಟ್ಟ ಹತ್ತಬೇಕು. ಬೆಟ್ಟದೂರಿನ ನೀರಿನ ಖರ್ಚೆಲ್ಲ ಕರೆಂಟು ಬಿಲ್ಲಿನಲ್ಲೇ ಇರುತ್ತದೆ. ಪಂಪು ಸರಿ ಮಾಡಿಸಿದರೆ ಎಷ್ಟು ಉಳಿಯಿತು ಅಂತ ಮೀಟರ್ ಹೇಳುತ್ತದೆ, ಅದಕ್ಕೆ ಯಾರ ವರದಿಯೂ ಬೇಡ.

ಪ್ರತಿ ಪಂಪ್‌ಹೌಸಿನ ಹನ್ನೆರಡು ತಿಂಗಳ ಬಿಲ್ ತೆಗೆದು ಮೇಜಿನ ಮೇಲೆ ಹರಡಿ. ಮೊದಲು ಪವರ್ ಫ್ಯಾಕ್ಟರ್ ದಂಡ, ಅಂದರೆ ಎಳೆದ ಕರೆಂಟು ಪೂರ್ತಿ ಕೆಲಸಕ್ಕೆ ಬಾರದಿದ್ದರೆ ಹಾಕುವ ದಂಡ, ಇದೆಯಾ ನೋಡಿ. ಅದನ್ನು ಸರಿಯಿಡುವ ಕೆಪಾಸಿಟರ್ ಸುಟ್ಟುಹೋಗಿದ್ದರೂ ಯಾರೂ ಗಮನಿಸದೆ ತಿಂಗಳು ತಿಂಗಳು ದಂಡ ಕಟ್ಟುತ್ತಿರುವುದು ಸರ್ವೇಸಾಮಾನ್ಯ. ಇದಕ್ಕೆ ಸಾಲವೂ ಬೇಡ, ಈ ವಾರವೇ ಸರಿ ಮಾಡಿಸಿ. ಆಮೇಲೆ ಪಂಪ್ ಆಪರೇಟರ್ ಹತ್ತಿರ ಕೂತು ಮಾತಾಡಿ. ಮೋಟರ್ ಎಷ್ಟು ಸಲ ರಿವೈಂಡಿಂಗ್ ಆಗಿದೆ, ಮಳೆಗಾಲದ ಕೆಸರು ನೀರಿಗೆ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಎಷ್ಟು ಸವೆದಿದೆ, ಟ್ಯಾಂಕ್ ತುಂಬಲು ಮೊದಲಿಗಿಂತ ಎಷ್ಟು ಹೊತ್ತು ಜಾಸ್ತಿ ಬೇಕು. ಅವರಿಗೆ ಗೊತ್ತಿರುವಷ್ಟು ಕಚೇರಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಉದಾಹರಣೆಗೆ ಒಂದು ಲೆಕ್ಕ. 50 ಎಚ್‌ಪಿ ಎಳೆಯುತ್ತಿರುವ ಹಳೇ ಪಂಪಿನ ಕೆಲಸವನ್ನು ಹೊಸದು 38 ಎಚ್‌ಪಿಯಲ್ಲಿ ಮಾಡುತ್ತದೆ ಅಂದುಕೊಳ್ಳಿ. ಉಳಿಯುವ 12 ಎಚ್‌ಪಿ ಅಂದರೆ ಸುಮಾರು 9 ಕಿಲೋವ್ಯಾಟ್. ದಿನಕ್ಕೆ 16 ಗಂಟೆ ಓಡಿದರೆ ತಿಂಗಳಿಗೆ 4,300 ಯೂನಿಟ್ ಹತ್ತಿರ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ವರ್ಷಕ್ಕೆ 3 ಲಕ್ಷ ದಾಟುತ್ತದೆ. ಇದು ಒಂದು ಪಂಪಿನದು. ನಾಲ್ಕೂ ಊರಿನ ಎಲ್ಲ ಪಂಪು, ಬೀದಿದೀಪ ಸೇರಿಸಿದರೆ ಬ್ಯಾಂಕಿನವರು ಕುರ್ಚಿ ಎಳೆದುಕೊಂಡು ಕೂರುವಷ್ಟು ಮೊತ್ತವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿ ಸ್ಥಳೀಯ ಸಂಸ್ಥೆಗಳ ಕರೆಂಟು ಬಿಲ್ಲಿಗೆ ರಾಜ್ಯ ಹಣಕಾಸು ಆಯೋಗದ ವಿದ್ಯುತ್ ಅನುದಾನ ಬರುತ್ತದೆ. ಬಿಲ್ ಇಳಿಯಿತು ಅಂತ ಅನುದಾನವನ್ನೂ ಇಳಿಸಿಬಿಟ್ಟರೆ ಕಂತು ಎಲ್ಲಿಂದ ಕಟ್ಟುತ್ತೀರಿ? ಉಳಿತಾಯದ ಹಣ ಸಾಲ ತೀರುವವರೆಗೆ ಜಂಟಿ ಖಾತೆಯಲ್ಲೇ ಉಳಿಯಬೇಕು ಅಂತ ನಗರಾಭಿವೃದ್ಧಿ ಇಲಾಖೆಯಿಂದ ಪತ್ರ ತರಿಸಿಕೊಳ್ಳದೆ ಒಂದು ರೂಪಾಯಿ ಸಾಲವನ್ನೂ ಮಾಡಬೇಡಿ. ಸಾಲಕ್ಕೆ ಹೇಗೂ ಸರ್ಕಾರದ ಅನುಮತಿ ಬೇಕು, ಎರಡನ್ನೂ ಒಂದೇ ಕಡತದಲ್ಲಿ ಕೇಳಿ.

ಪಂಪಿನ ಉಳಿತಾಯ ನಂಬಿ ಹಣ ಎತ್ತಿದ ದೊಡ್ಡ ಉದಾಹರಣೆ ಇಂದೋರ್. ನರ್ಮದೆಯಿಂದ ನೀರೆತ್ತುವ ಕರೆಂಟು ಖರ್ಚು ಇಳಿಸಲು ಜಲೂದ್‌ನಲ್ಲಿ 60 ಮೆಗಾವ್ಯಾಟ್ ಸೋಲಾರ್ ಘಟಕ ಹಾಕಬೇಕೆಂದು 2023ರಲ್ಲಿ ಹಸಿರು ಬಾಂಡ್ (ಪರಿಸರದ ಕೆಲಸಕ್ಕೆಂದೇ ಎತ್ತುವ ಬಾಂಡ್) ಮೂಲಕ 244 ಕೋಟಿ ಎತ್ತಿದರು. ಅಷ್ಟು ದೊಡ್ಡ ನಗರಕ್ಕೆ ಒಂಟಿಯಾಗಿ ಸಾಧ್ಯವಾಯಿತು, ನಮಗೆ ಆಗದು.

ಒಟ್ಟಿಗೆ ಕೊಳ್ಳಿ

ಸಾಲ ಸಿಗುವ ಮೊದಲೇ ಒಗ್ಗಟ್ಟಿನ ಲಾಭ ಕಾಣುವುದು ಇಲ್ಲಿ. ಸರ್ಕಾರಿ ಸಂಸ್ಥೆ ಇಇಎಸ್‌ಎಲ್ ದೇಶದ ಬೇಡಿಕೆಯನ್ನೆಲ್ಲ ಒಟ್ಟು ಮಾಡಿ ಟೆಂಡರ್ ಕರೆದಾಗ, 2014ರಲ್ಲಿ 310 ರೂಪಾಯಿ ಇದ್ದ ಎಲ್‌ಇಡಿ ಬಲ್ಬಿನ ಖರೀದಿ ದರ 2016ಕ್ಕೆ 38 ರೂಪಾಯಿಗೆ ಇಳಿಯಿತು. 2022ರಲ್ಲಿ ಬೆಂಗಳೂರು ಸೇರಿ ಐದು ನಗರಗಳು 5,450 ಎಲೆಕ್ಟ್ರಿಕ್ ಬಸ್ಸಿಗೆ ಒಂದೇ ಟೆಂಡರಿನಲ್ಲಿ ಸೇರಿಕೊಂಡದ್ದೂ ಇದೇ ಲೆಕ್ಕಾಚಾರದಿಂದ. ನಾಲ್ಕು ಊರು ಬೇರೆ ಬೇರೆ ಅಳತೆಯ ಪಂಪು, ಬೇರೆ ಬೇರೆ ವ್ಯಾಟಿನ ದೀಪ ಕೇಳುವುದನ್ನು ಬಿಟ್ಟು ಒಂದೇ ನಮೂನೆಗೆ ಒಪ್ಪಿಕೊಳ್ಳಬೇಕು. ಎಂಜಿನಿಯರುಗಳು ಎರಡು ದಿನ ಒಟ್ಟಿಗೆ ಕೂತರೆ ಆಗುವ ಕೆಲಸ.

ಹೊರಗಿನ ಜಾಲಗಳು

ಜಗತ್ತಿನ ನಗರಗಳು ಕಟ್ಟಿಕೊಂಡ ಜಾಲಗಳಿವೆ. ಸಿ40 ಮುಖ್ಯವಾಗಿ ಮಹಾನಗರಗಳದ್ದು, ಬೆಂಗಳೂರು ಅದರಲ್ಲಿದೆ, ನಮಗೆ ಹೊಂದುವುದಿಲ್ಲ. 1990ರಲ್ಲಿ ಶುರುವಾದ, ಸ್ಥಳೀಯ ಸಂಸ್ಥೆಗಳ ಜಾಲವಾದ ಇಕ್ಲಿ (ICLEI) ನಮಗೆ ಹತ್ತಿರ. ಅದರ ದಕ್ಷಿಣ ಏಷ್ಯಾ ಕಚೇರಿ ದೆಹಲಿಯಲ್ಲಿದ್ದು, ಸ್ವಿಸ್ ನೆರವಿನಿಂದ ಉದಯಪುರ, ಸಿಲಿಗುರಿ, ರಾಜ್‌ಕೋಟ್, ಕೊಯಮತ್ತೂರುಗಳ ಜೊತೆ ಹವಾಮಾನ ಯೋಜನೆ ಮಾಡಿದೆ. ಮೇಯರುಗಳ ಜಾಗತಿಕ ಒಡಂಬಡಿಕೆಗೆ ಸಣ್ಣ ಊರುಗಳೂ ಸೇರಬಹುದು. ಆದರೆ ಹೊಗೆ-ಇಂಗಾಲದ ಲೆಕ್ಕ, ಗುರಿ, ಯೋಜನೆ ಮೂರನ್ನೂ ಕೊಡುತ್ತೇವೆ ಅಂತ ಒಪ್ಪಿಕೊಳ್ಳಬೇಕು.

ಇವರು ಚೆಕ್ ಕೊಡುವುದಿಲ್ಲ, ಅದನ್ನು ಮೊದಲೇ ತಿಳಿದುಕೊಂಡು ಹೋಗಿ. 2020ರಲ್ಲಿ ವಿಶ್ವಬ್ಯಾಂಕ್ ಮತ್ತು ಯುರೋಪಿನ ಹೂಡಿಕೆ ಬ್ಯಾಂಕ್ ಸೇರಿ ನಡೆಸಲು ಶುರುಮಾಡಿದ ನಗರ ಹವಾಮಾನ ಗ್ಯಾಪ್ ಫಂಡ್ ಕೂಡ ಕಾಮಗಾರಿಗೆ ಹಣ ಕೊಡುವಂಥದ್ದಲ್ಲ. ಯೋಜನೆ ಇನ್ನೂ ಕಾಗದದ ಮೇಲಿರುವಾಗ ಅದನ್ನು ಸಾಲ ಸಿಗುವ ಮಟ್ಟಕ್ಕೆ ತಯಾರು ಮಾಡಲು ತಜ್ಞರ ನೆರವು ಕೊಡುತ್ತದೆ. ನಮಗೆ ಕೊರತೆ ಇರುವುದೂ ಅಲ್ಲೇ. ಒಳ್ಳೆಯ ಯೋಜನಾ ವರದಿ ಬರೆಸಲು ದುಡ್ಡಿಲ್ಲದೆ ಎಷ್ಟು ಒಳ್ಳೆಯ ಕೆಲಸಗಳು ಕಪಾಟಿನಲ್ಲೇ ಉಳಿದವು ಅಂತ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ರಾಜ್ಯದೊಳಗೆ ಇದೇ ಕೆಲಸಕ್ಕೆ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮ, ಅಂದರೆ ಕೆಯುಐಡಿಎಫ್‌ಸಿ ಇದೆ, ಮೊದಲ ಪತ್ರ ಅವರಿಗೇ ಬರೆಯಿರಿ.

ಒಪ್ಪಂದ ಮತ್ತು ಮೊದಲ ಸಭೆ

ಜಗಳ ಬರುವ ಜಾಗಗಳನ್ನು ಮೊದಲೇ ಬರೆದುಕೊಳ್ಳಿ. ಒಂದು ಊರು ಕಂತು ತಪ್ಪಿಸಿದರೆ ಯಾರ ಅನುದಾನದಿಂದ ಹಿಡಿಯಬೇಕು? ತಪ್ಪಿಸಿದ ಊರಿನದ್ದು ಮಾತ್ರ ಅಂತ ಸ್ಪಷ್ಟವಾಗಿ ಇರಲಿ. ಇಲ್ಲದಿದ್ದರೆ ಸರಿಯಾಗಿ ಕಟ್ಟುವ ಊರು ಎರಡನೇ ವರ್ಷವೇ ಹೊರಗೆ ಹೋಗುತ್ತದೆ. ಯಾರ ಪಂಪು ಮೊದಲು ಅನ್ನುವುದನ್ನು ಉಳಿತಾಯದ ಲೆಕ್ಕ ನೋಡಿ ತೀರ್ಮಾನಿಸಿ. ಅಧ್ಯಕ್ಷರ ವಾರ್ಡ್ ನೋಡಿ ಬೇಡ.

ಸಭೆಯನ್ನು ಕಾಫಿ ಕೊಯ್ಲು ಮುಗಿದ ಮೇಲೆ, ಮಾರ್ಚ್‌ನಲ್ಲಿ ಕರೆಯಿರಿ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಇಡೀ ಕಚೇರಿಯೇ ವಿಪತ್ತಿನ ಕೆಲಸದಲ್ಲಿರುತ್ತದೆ. ಪ್ರತಿ ಊರಿನವರೂ ತರಬೇಕಾದದ್ದು ಮೂರು: ಮೂರು ವರ್ಷದ ಆಡಿಟ್ ಆದ ಲೆಕ್ಕ, ಆಸ್ತಿ ತೆರಿಗೆ ಮತ್ತು ನೀರಿನ ಕಂದಾಯದ ಡಿಸಿಬಿ, ಅಂದರೆ ಬೇಡಿಕೆ, ವಸೂಲಿ, ಬಾಕಿ ಪಟ್ಟಿ, ಮತ್ತು ಪಂಪ್‌ಹೌಸಿನ ಬಿಲ್ಲುಗಳು. ಡಿಸಿಬಿಯಲ್ಲಿ ಬಾಕಿ ಬೆಟ್ಟದಷ್ಟಿದ್ದರೆ ಮುಚ್ಚಿಡಬೇಡಿ, ರೇಟಿಂಗ್ ಮಾಡುವವರು ಮೊದಲು ತೆರೆಯುವುದೇ ಆ ಪುಟ. ಲೆಕ್ಕಾಧಿಕಾರಿ ಮತ್ತು ಪಂಪ್ ಆಪರೇಟರ್ ಇಬ್ಬರೂ ಆ ಸಭೆಯಲ್ಲಿ ಇರಲಿ. ಜಂಟಿ ಖಾತೆ ತೆರೆಯುವ ನಿರ್ಣಯದ ಕರಡನ್ನು ಅಲ್ಲೇ ಬರೆದು, ನಾಲ್ಕೂ ಕಡೆಯ ಮುಂದಿನ ಸಾಮಾನ್ಯ ಸಭೆಯ ಅಜೆಂಡಾಕ್ಕೆ ಒಂದೇ ಒಕ್ಕಣೆಯಲ್ಲಿ ಸೇರಿಸಿ.