ಪ್ಯಾರಲಲ್ ಲೈನ್‌ಗೆ ಸ್ಲೋಪ್ ಯಾಕೆ? ನನ್ನ ಅನುಭವ

ಹಾಸನದಲ್ಲಿ ಪಿಯುಸಿ ಮ್ಯಾಥ್ಸ್ ಟ್ಯೂಷನ್ ಮಾಡ್ತೀನಿ. ಪ್ಯಾರಲಲ್ ಲೈನ್‌ಗೆ (ಸಮಾಂತರ ರೇಖೆಗೆ) ಸ್ಲೋಪ್, ಅಂದ್ರೆ ರೇಖೆಯ ಓರೆ ಎಷ್ಟು ಅನ್ನೋ ನಂಬರ್, ಬಿಟ್ಟೇ ಮಾಡಿಸ್ತೀನಿ ಅಂದಾಗ ಜೊತೆ ಮೇಷ್ಟ್ರುಗಳು "ಬೇಸಿಕ್ಸೇ ಹೋಗ್ಬಿಡ್ತದೆ ಸಾರ್, ಬ್ಯಾಡ" ಅಂದಿದ್ರು. ಈಗ ಅವರೇ ತಮ್ಮ ಹುಡುಗರನ್ನ ನನ್ನ ಹತ್ರ ಕಳಿಸ್ತಾವ್ರೆ.

ಮೊದಲು ಗ್ರಾಫ್ ಶೀಟ್‌ಗೆ ಸುಮಾರು 800 ರೂಪಾಯಿ ಹೋಯ್ತು. ಆಮೇಲೆ ಪ್ಲೈವುಡ್‌ಗೆ ಮೊಳೆ ಹೊಡೆಸಿ ದಾರ ಕಟ್ಟಿ ತೋರ್ಸೋಣ ಅಂತ ಇನ್ನೊಂದು 1,500 ಸುರಿದೆ, ಮಳೆಗಾಲದ ಥಂಡಿಗೆ ಪ್ಲೈ ಉಬ್ಬಿ ಮೊಳೆ ಸಡಿಲ ಆಗಿ ದಾರಗಳು ಒಂದಕ್ಕೊಂದು ತಾಕೋಕೆ ಶುರುವಾಯ್ತು. ಹುಡುಗರು ಬೋರ್ಡ್ ನೋಡಿ ಅರ್ಥ ಆಯ್ತು ಸಾರ್ ಅನ್ನೋರು, ಪೇಪರ್‌ಗೆ ಬಂದ್ರೆ ಸ್ಲೋಪ್ -3/4 ಇದ್ದಾಗ ಅದರ ಮೈನಸ್ ಬಿಟ್ಟೇ ಬರೆಯೋರು, ಹೊಟ್ಟೆ ಉರೀತಿತ್ತು.

ಈಗ ಹಿಂಗೆ. 3ಎಕ್ಸ್ + 4ವೈ = 12ಕ್ಕೆ ಸಮಾಂತರವಾಗಿ (2, -3) ಮೂಲಕ ಹೋಗೋ ರೇಖೆ ಬೇಕಾ? ಎಡಗಡೆ ಮುಟ್ಟಬೇಡಿ, ಎಕ್ಸ್‌ಗೆ 2, ವೈಗೆ -3 ಹಾಕಿ: 6 - 12 = -6. ಉತ್ತರ 3ಎಕ್ಸ್ + 4ವೈ = -6, ಮುಗೀತು. ಸಹಗುಣಕಗಳ (ಎಕ್ಸ್, ವೈ ಪಕ್ಕದ ನಂಬರ್‌ಗಳ) ಅನುಪಾತ ಒಂದೇ ಇದ್ದು ಕಾನ್‌ಸ್ಟಂಟ್‌ಗಳ (ಬಲಗಡೆ ನಂಬರ್‌ಗಳ) ಅನುಪಾತ ಮಾತ್ರ ಬೇರೆ ಆದ್ರೆ ಸಮಾಂತರ ಅಂತ ಎಸ್ಸೆಸ್ಸೆಲ್ಸಿಲೇ ಓದಿರ್ತಾರಲ್ಲ, ಇನ್ನೆಲ್ಲಿ ಬೇಸಿಕ್ಸ್ ಹೋಗೋದು? ಸಿಇಟಿಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಲ್ಲಿ ಭಿನ್ನರಾಶಿ ಬಿಡಿಸ್ತಾ ಕೂತ್ರೆ ಆಗಲ್ಲ. ನನ್ನ ಬ್ಯಾಚ್‌ನಲ್ಲಿ ಹತ್ತರಲ್ಲಿ ಒಂಬತ್ತು ಜನ ಬಾಯಲ್ಲೇ ಹೇಳ್ತಾರೆ.

ಎರಡು ರೇಖೆ ಕೊಟ್ಟು ನಟ್ಟನಡುವಿನ ರೇಖೆ ಕೇಳಿದ್ರೆ ಮಾತ್ರ ಹುಷಾರು. 3ಎಕ್ಸ್ + 4ವೈ = 12, 6ಎಕ್ಸ್ + 8ವೈ = -16 ಅಂತಿದ್ರೆ ಹುಡುಗರು ನೇರ 12, -16ರ ಸರಾಸರಿ ತೆಗೆದು -2 ಬರೀತಾರೆ. ಎರಡನೇದನ್ನ ಮೊದಲು 2ರಿಂದ ಭಾಗಿಸ್ಬೇಕು, -8 ಬರುತ್ತೆ, ಆಮೇಲೆ ಸರಾಸರಿ 2. ಸರಿ ಉತ್ತರ 3ಎಕ್ಸ್ + 4ವೈ = 2.

ಇದನ್ನೇ ಕೆದಕ್ತಾ ಒಂದು ರಾತ್ರಿ ಇನ್ನೊಂದು ಸಿಕ್ತು. 3, 4ರ ವರ್ಗಗಳ ಮೊತ್ತದ ವರ್ಗಮೂಲ 5, ಅಂದ್ರೆ ರೇಖೆನ ಲಂಬವಾಗಿ 1 ಯೂನಿಟ್ ಸರಿಸಿದ್ರೆ ಬಲಗಡೆ ನಂಬರ್ 5 ಬದಲಾಗುತ್ತೆ. 12ರಿಂದ -8ಕ್ಕೆ 20 ವ್ಯತ್ಯಾಸ, ಹಂಗಾಗಿ ಆ ಎರಡು ರೇಖೆಗಳ ಅಂತರ 4 ಯೂನಿಟ್. ಫಾರ್ಮುಲಾ ಬಾಯಿಪಾಠ ಮಾಡಿಸೋದನ್ನೇ ನಿಲ್ಲಿಸ್ಬಿಟ್ಟೆ. 5, 12 ಬಂದ್ರೆ 13, ಅದೂ ಸಲೀಸು. 2, 3 ಬಂದು ವರ್ಗಮೂಲ ಪೂರ್ತಿ ಬರದಿದ್ದಾಗ ಆಪ್ಷನ್ ನೋಡೇ ಹೊಡೆಯೋ ದಾರಿ ಒಂದಿದೆ, ಅದು ಮಾತ್ರ ತಲೆಗೆ 500 ಕೊಟ್ಟು ಕ್ರ್ಯಾಶ್ ಬ್ಯಾಚ್‌ಗೆ ಬರೋ ಮಕ್ಕಳಿಗೆ.