ಅಮೆರಿಕಕ್ಕೆ ಹೊಸದಾಗಿ ಬಂದೋರಿಗೆ: ಸ್ಕೂಲು, ಕೆಲಸ, ಆಸ್ಪತ್ರೆಲಿ ನಮ್ಮನ್ನ ಹೇಗೆ ನೋಡ್ತಾರೆ

ಬ್ಯಾಂಕ್ ಅಕೌಂಟು, ಡ್ರೈವಿಂಗ್ ಲೈಸೆನ್ಸು ವಿಚಾರ ಕೂಟದಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಇಲ್ಲಿ ಬೇರೆ ವಿಷಯ. ನಾವು ಬಾಯಿ ಬಿಡೋಕೆ ಮುಂಚೆನೇ ನಮ್ಮ ಮುಖ, ಹೆಸರು ನೋಡಿ ಜನ ಒಂದು ಲೆಕ್ಕ ಹಾಕಿಬಿಟ್ಟಿರ್ತಾರೆ, ಅದು ಯಾವಾಗ್ಲೂ ಅವಮಾನದ ಥರ ಇರಲ್ಲ, ಎಷ್ಟೋ ಸಲ ಹೊಗಳಿಕೆ ಥರಾನೇ ಬರುತ್ತೆ.

ಸ್ಕೂಲ್ ಅಡ್ಮಿಷನ್ ಟೈಮಲ್ಲಿ ಮನೇಲಿ ಯಾವ ಭಾಷೆ ಮಾತಾಡ್ತೀರ ಅಂತ ಒಂದು ಫಾರ್ಮ್ ಕೊಡ್ತಾರೆ. ಮಗನ್ನ ಒಂದು ಕ್ಲಾಸು ಕೆಳಗೆ ಹಾಕಿಬಿಡ್ತಾರೇನೋ ಅನ್ನೋ ಭಯಕ್ಕೆ ನಾನು ಇಂಗ್ಲಿಷ್ ಅಂತ ಬರೆದೆ. ಭಾಷೆ ಟೆಸ್ಟೂ ಆಗ್ಲಿಲ್ಲ, ಸಹಾಯದ ಟೀಚರೂ ಸಿಗ್ಲಿಲ್ಲ, ಅವನು ಅರ್ಥ ಆಗದೆ ಸುಮ್ನೆ ಕೂರ್ತಿದ್ದ, ಟೀಚರ್ ನೋಡಿದ್ರೆ ಗಲಾಟೆನೇ ಇಲ್ಲ, ತುಂಬಾ ಒಳ್ಳೆ ಹುಡುಗ ಅಂದ್ರು, ನಾವು ಖುಷಿಯಾಗಿ ಮನೆಗೆ ಬಂದ್ವಿ. ಏಳು ತಿಂಗಳಾದ್ಮೇಲೆ ಬ್ಯಾಗಿನ ತಳದಲ್ಲಿ ಮಡಚಿಟ್ಟ ವರ್ಕ್‌ಶೀಟುಗಳ ಕಟ್ಟೇ ಸಿಕ್ತು, ಎಲ್ಲದರಲ್ಲೂ ಹೆಸರು, ತಾರೀಖು ಮಾತ್ರ ದುಂಡಗೆ ಬರೆದಿದ್ದ, ಕೆಳಗೆಲ್ಲ ಖಾಲಿ. ಇಂಡಿಯನ್ ಮಕ್ಕಳು ಓದೋದ್ರಲ್ಲಿ ಮುಂದು ಅನ್ನೋ ನಂಬಿಕೆ ಅವನ ಕಷ್ಟನ ಮುಚ್ಚಿಬಿಟ್ಟಿತ್ತು. (1965ರ ವಲಸೆ ಕಾನೂನಾದ್ಮೇಲೆ ಡಾಕ್ಟರು, ಇಂಜಿನಿಯರುಗಳನ್ನೇ ಹೆಚ್ಚಾಗಿ ಆರಿಸಿ ಒಳಗೆ ಬಿಟ್ರು, ಆ ಹೆಸರು ಬಂದಿದ್ದು ಹಾಗೆ, ರಕ್ತದಲ್ಲಿ ಬಂದಿದ್ದಲ್ಲ.) ಫಾರ್ಮಲ್ಲಿ ಕನ್ನಡ ಅಂತಾನೇ ಬರೀರಿ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಕೇಸಲ್ಲಿ 1974ರಲ್ಲೇ ಸುಪ್ರೀಂ ಕೋರ್ಟು ಇಂಗ್ಲಿಷ್ ಬರದ ಮಕ್ಕಳಿಗೆ ಸ್ಕೂಲು ಸಹಾಯ ಮಾಡ್ಲೇಬೇಕು ಅಂದಿದೆ. ಮಗು ಬೇರೆ ಕಾರಣಕ್ಕೆ ಹಿಂದೆ ಬಿದ್ದಿದೆ ಅನ್ನಿಸಿದ್ರೆ ಇವ್ಯಾಲುಯೇಷನ್ (ಮಗುಗೆ ಎಲ್ಲಿ ಕಷ್ಟ ಅಂತ ಸ್ಕೂಲು ಮಾಡೋ ಪರೀಕ್ಷೆ) ಬೇಕು ಅಂತ ಇಮೇಲಲ್ಲೇ ಕೇಳಿ, ಬರೀ ಬಾಯಲ್ಲಿ ಹೇಳಿದ್ದು ಉಳಿಯಲ್ಲ.

ಕಪ್ಪು ಮಕ್ಕಳಿಗೆ ಇದೇ ಲೆಕ್ಕ ಉಲ್ಟಾ ಹೊಡೆಯುತ್ತೆ, ಸಸ್ಪೆಂಡ್ ಆಗೋರಲ್ಲಿ ಅವರ ಪಾಲು ಅವರ ಸಂಖ್ಯೆಗಿಂತ ತುಂಬಾ ಜಾಸ್ತಿ. ಅವರ ಜೊತೆ ಸೇರ್ಬೇಡ ಅಂತ ನಮ್ಮೋರೇ ಮಕ್ಕಳಿಗೆ ಹೇಳೋದು ಕೇಳಿದೀನಿ, ದಯವಿಟ್ಟು ಬೇಡ. ಕೆಲಸದಲ್ಲಿ ನಮ್ಮನ್ನ ಕಾಯೋ 1964ರ ಸಿವಿಲ್ ರೈಟ್ಸ್ ಕಾಯ್ದೆ ಅವರ ಅಪ್ಪ ಅಮ್ಮಂದಿರು, ಅಜ್ಜ ಅಜ್ಜಿಯರು ಬೀದಿಗಿಳಿದು ತಂದಿದ್ದು. ಬಾಸ್ಟನ್, ಶಿಕಾಗೋದಲ್ಲಿ ಒಂದೇ ಮಟ್ಟದ ರೆಸ್ಯೂಮೆಗಳನ್ನ ಬೇರೆ ಬೇರೆ ಹೆಸರಲ್ಲಿ ಕಳಿಸಿ ನೋಡಿದ್ರೆ ಕಪ್ಪು ಜನರ ಥರದ ಹೆಸರಿಗಿಂತ ಬಿಳಿಯರ ಥರದ ಹೆಸರಿಗೆ ಶೇ. 50ರಷ್ಟು ಹೆಚ್ಚು ಇಂಟರ್‌ವ್ಯೂ ಕಾಲ್ ಬಂದಿತ್ತು, 2004ರ ಅಧ್ಯಯನ ಅದು. ಕೆಲಸಕ್ಕೆ ನಿಜವಾಗ್ಲೂ ಅಡ್ಡ ಬರದ ಆಕ್ಸೆಂಟ್ ನೆಪ ಮಾಡಿ ಪ್ರಮೋಷನ್ ತಪ್ಪಿಸೋ ಹಾಗಿಲ್ಲ, ವೀಸಾ ಮೇಲಿದ್ರೂ ಈ ಹಕ್ಕು ಇದೆ. ನಡೆದಿದ್ದನ್ನ ತಾರೀಖು ಸಮೇತ ಬರೆದಿಡಿ, ಇಇಒಸಿಗೆ (ಕೆಲಸದಲ್ಲಿ ಭೇದಭಾವದ ದೂರು ನೋಡೋ ಸರ್ಕಾರಿ ಆಯೋಗ) ದೂರು ಕೊಡೋಕೆ ಆ ದಿನದಿಂದ 180 ದಿನ, ಎಷ್ಟೋ ರಾಜ್ಯಗಳಲ್ಲಿ 300.

ಆಸ್ಪತ್ರೆಲಿ ತೂಕ ನಾರ್ಮಲ್ ಅಂದ್ರೆ ಅಷ್ಟಕ್ಕೇ ಎದ್ದು ಬರ್ಬೇಡಿ. ಇಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25 ದಾಟಿದ್ರೆ ಮಾತ್ರ ಜಾಸ್ತಿ ಅಂತಾರೆ, ಆದ್ರೆ ಏಷ್ಯಾ ಮೂಲದೋರಿಗೆ 23ಕ್ಕೇ ಶುಗರ್ ಟೆಸ್ಟ್ ಯೋಚನೆ ಮಾಡಿ ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ನೇ ಹೇಳುತ್ತೆ, ನೀವೇ ಕೇಳಿ. ಬೆರಳಿಗೆ ಹಾಕೋ ಆಕ್ಸಿಮೀಟರ್ ಕಪ್ಪು ಚರ್ಮದೋರಲ್ಲಿ ಆಕ್ಸಿಜನ್ ಇರೋದಕ್ಕಿಂತ ಜಾಸ್ತಿ ತೋರಿಸಿದ್ದು 2020ರಲ್ಲಿ ದೊಡ್ಡ ಸುದ್ದಿ ಆಯ್ತು, ನಂಬರ್ ಚೆನ್ನಾಗಿದ್ದು ಉಸಿರು ಕಟ್ತಿದ್ರೆ ಉಸಿರನ್ನೇ ನಂಬಿ.

ಊರಿಂದ ಅಮ್ಮ ಬಂದಾಗ ಡಾಕ್ಟರ್ ಮುಂದೆ ಮಕ್ಕಳ ಕೈಲಿ ಟ್ರಾನ್ಸ್‌ಲೇಟ್ ಮಾಡಿಸ್ಬೇಡಿ, ಮೊಮ್ಮಗಳ ಮುಂದೆ ಮುಟ್ಟಿನ ವಿಷಯ, ಮೂತ್ರದ ವಿಷಯ ಹೇಳೋಕಾಗದೆ ಚೆನ್ನಾಗಿದೀನಿ ಅಂದುಬಿಡ್ತಾರೆ. ಸರ್ಕಾರದ ದುಡ್ಡು ತಗೊಳ್ಳೋ ಆಸ್ಪತ್ರೆ ಇಂಟರ್‌ಪ್ರಿಟರ್ ಫ್ರೀಯಾಗಿ ಕೊಡ್ಬೇಕು. ಅಪಾಯಿಂಟ್‌ಮೆಂಟ್ ತಗೊಳ್ಳೋವಾಗ್ಲೇ ಕನ್ನಡ ಅಂತ ಅಕ್ಷರ ಬಿಡಿಸಿ ಹೇಳಿ, ಇಲ್ಲಾಂದ್ರೆ ಹಿಂದಿಯೋರನ್ನ ಲೈನಿಗೆ ತಂದುಬಿಡ್ತಾರೆ.