ನನ್ನ ಕಾದಂಬರಿಗಳೆಲ್ಲ 60ನೇ ಪುಟದ ಹತ್ತಿರ ನಿಲ್ಲುತ್ತಿದ್ದವು

ಮೊದಲನೆಯದು 58 ಪುಟ. ಎರಡನೆಯದು 63. ಮೂರನೆಯದು 63 ದಾಟಿದಾಗ ಖುಷಿಪಟ್ಟೆ, ಅದು 66ಕ್ಕೆ ನಿಂತಿತು. ಮೂರೂ ಒಂದೇ ಅಳತೆಯ ನೋಟ್‌ಬುಕ್‌ಗಳಲ್ಲಿ, ಕೈಬರಹದಲ್ಲಿ. ಹತ್ತು ವರ್ಷದಲ್ಲಿ ನಾನು ಬರೆದದ್ದು ಮೂರು ಅರ್ಧ ಕಾದಂಬರಿ. ಅರ್ಧ ಅಂದರೂ ಜಾಸ್ತಿಯೇ ಆಯಿತು, ಕಾಲುಭಾಗ ಅನ್ನಬೇಕು.

ಪ್ರತಿ ಸಲ ನಿಲ್ಲಿಸುವಾಗಲೂ ಇದು ನನ್ನಿಂದ ಆಗುವ ಕೆಲಸವಲ್ಲ ಅಂದುಕೊಳ್ಳುತ್ತಿದ್ದೆ. ಸಣ್ಣಕತೆ ಬರೆಯುತ್ತಿದ್ದೆ, ಒಂದೆರಡು ಅಚ್ಚೂ ಆಗಿದ್ದವು. ಹಾಗಾಗಿ ಒಂದು ಸಮರ್ಥನೆಯೂ ಸಿದ್ಧವಾಗಿತ್ತು: ನನ್ನದು ಸಣ್ಣ ಉಸಿರು, ಕಾದಂಬರಿಗೆ ದೊಡ್ಡ ಉಸಿರು ಬೇಕು. ಕೇಳಿದವರಿಗೆಲ್ಲ ಇದನ್ನೇ ಹೇಳುತ್ತಿದ್ದೆ. ಎಷ್ಟು ವಿನಯ ಅಂತ ಅವರು ತಲೆದೂಗುತ್ತಿದ್ದರು. ನಿಜ ಹೇಳಬೇಕೆಂದರೆ ಆ ತಲೆದೂಗಾಟ ನನಗೆ ಹಿತವಾಗಿತ್ತು.

ನಾಲ್ಕನೆಯದನ್ನು ಶುರುಮಾಡುವ ಮೊದಲು ಹಳೆಯ ಮೂರನ್ನೂ ಓದಲು ಕೂತೆ. ತುಂಬಾ ಕೆಟ್ಟದಾಗಿರುತ್ತವೆ ಅಂತ ಹೆದರಿದ್ದೆ. ಅಷ್ಟು ಕೆಟ್ಟದಾಗಿರಲಿಲ್ಲ. ಅಲ್ಲಲ್ಲಿ ಚೆನ್ನಾಗಿಯೇ ಇತ್ತು. ಆದರೆ ಮೂರಕ್ಕೂ ಒಂದೇ ಕಾಯಿಲೆ. 40ನೇ ಪುಟದ ಹೊತ್ತಿಗೆ ಎಲ್ಲರ ಪರಿಚಯ ಮುಗಿದಿದೆ. ಅಲ್ಲಿಂದ ಮುಂದೆ ಅವರಿಗೆ ಏನು ಬೇಕು ಅನ್ನುವುದು ನನಗೇ ಗೊತ್ತಿಲ್ಲ. ಎರಡನೆಯದರಲ್ಲಿ ಒಬ್ಬ ಮನೆ ಬಿಟ್ಟು ಹೋಗುತ್ತಾನೆ. ಯಾಕೆ? ಹೋದರೆ ಕತೆ ಮುಂದಕ್ಕೆ ಹೋಗುತ್ತದಲ್ಲ, ಅದಕ್ಕೆ. ಹೋದವನು ರೈಲು ನಿಲ್ದಾಣದಲ್ಲಿ ಮೂರು ಪುಟ ಸುಮ್ನೆ ಕೂತಿದ್ದಾನೆ. ಯಾವ ರೈಲು ಹತ್ತಬೇಕು ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಲ್ಲಿಗೆ ನೋಟ್‌ಬುಕ್ ಖಾಲಿ.

ಕೊರತೆ ಇದ್ದದ್ದು ಆ ಕತೆಯಲ್ಲಿ. ಹತ್ತು ವರ್ಷ ನಾನು ಅದನ್ನು ನನ್ನ ಕೊರತೆ ಅಂದುಕೊಂಡೇ ಓಡಾಡಿದ್ದೆ.

ಅದಾದ ಮೇಲೆ ನಾಲ್ಕನೆಯದನ್ನು ಶುರುಮಾಡಿದೆ, ಜೊತೆಗೆ ಒಂದು ಸಣ್ಣ ಪುಸ್ತಕ ಬೇರೆ ಇಟ್ಟುಕೊಂಡೆ. ಪುಟದ ನಡುವೆ ಒಂದು ಗೆರೆ. ಎಡಗಡೆ ಮನಸ್ಸು ಹೇಳುವ ದೂರು, ಅದು ಹೇಳಿದ ಹಾಗೆಯೇ. ಬಲಗಡೆ ಒಂದೇ ಪ್ರಶ್ನೆಗೆ ಉತ್ತರ: ಯಾವ ಪುಟ?

'ನಿನ್ನ ಭಾಷೆ ಸಪ್ಪೆ.' ಯಾವ ಪುಟ? 23. ತೆಗೆದು ಓದಿದೆ. ನಿಜ. ಆ ಒಂದೇ ಪುಟದಲ್ಲಿ ಏಳು ಕಡೆ 'ಅವಳಿಗೆ ಅನ್ನಿಸಿತು' ಅಂತ ಇತ್ತು. ಆರನ್ನು ತೆಗೆದೆ. ಪುಟಕ್ಕೆ ಜೀವ ಬಂತು. 'ಇದನ್ನೆಲ್ಲ ಯಾರು ಓದುತ್ತಾರೆ?' ಯಾವ ಪುಟ? ಉತ್ತರವಿಲ್ಲ. ಅದಕ್ಕೊಂದು ಗೀಟು. 'ನಿನಗಿಂತ ಚೆನ್ನಾಗಿ ಬರೆಯುವವರು ಎಷ್ಟು ಜನ ಇದ್ದಾರೆ, ಅಲ್ವಾ?' ಇದ್ದಾರೆ. ಯಾವ ಪುಟ? ಗೀಟು.

ಮೊದಲ ತಿಂಗಳಲ್ಲಿ 31 ದೂರು ಬಂದವು. ಪುಟ ಸಿಕ್ಕಿದ್ದು 11ಕ್ಕೆ. ಉಳಿದ 20ರಲ್ಲಿ ಹೆಚ್ಚಿನವು ರಾತ್ರಿ ಹೊತ್ತು, ದಣಿದು ಕೂತಾಗ ಬರೆದವು. ಹಾಗಾಗಿ ರಾತ್ರಿ ನನ್ನದನ್ನು ನಾನೇ ಓದುವುದನ್ನು ಬಿಟ್ಟೆ. ಈ ಒಂದು ಕೆಲಸ ನನಗೆ ಮಾಡಿದಷ್ಟು ಉಪಕಾರವನ್ನು ಬರವಣಿಗೆಯ ಬಗ್ಗೆ ಓದಿದ ಯಾವ ಉಪದೇಶವೂ ಮಾಡಿಲ್ಲ.

ದೊಡ್ಡವರಿಗೂ ಸಂಶಯ ಇತ್ತು ಅಂತ ಹೇಳಿ ಧೈರ್ಯ ತುಂಬುವವರಿದ್ದಾರೆ. ಇದ್ದದ್ದು ನಿಜವೇ. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1938ರಲ್ಲಿ 'ದಿ ಗ್ರೇಪ್ಸ್ ಆಫ್ ರಾತ್' ಬರೆಯುವಾಗ ಒಂದು ದಿನಚರಿ ಇಟ್ಟಿದ್ದ. ತಾನು ಬರಹಗಾರನೇ ಅಲ್ಲ ಅನ್ನುವ ಅಳಲು ಅದರಲ್ಲಿದೆ. ಆ ಕಾದಂಬರಿಗೆ 1940ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಇದನ್ನು ತಿಳಿದು ಎರಡು ದಿನ ಸಮಾಧಾನವಾಗಿದ್ದೆ. ಮೂರನೇ ದಿನ ಹೊಸ ಸಂಶಯ ಶುರುವಾಯಿತು: ಸಂಶಯಪಟ್ಟವರೆಲ್ಲ ಸ್ಟೈನ್‌ಬೆಕ್ ಆಗಲಿಲ್ಲವಲ್ಲ! ನನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಬೇರೆ. ಅಷ್ಟು ಗೊಣಗಿಕೊಂಡೂ ಅವನು ಸುಮಾರು ಐದು ತಿಂಗಳಲ್ಲಿ ಆ ಕಾದಂಬರಿಯನ್ನು ಮುಗಿಸಿದ. ಸಂಶಯ ತೀರಲಿ ಅಂತ ಅವನು ಕಾಯಲಿಲ್ಲ. ಗೊಣಗುವುದಕ್ಕೆ ಬೇರೆ ಪುಸ್ತಕ, ಕತೆಗೆ ಬೇರೆ.

ಲೆಕ್ಕದ ಬಗ್ಗೆ ಒಂದು ಮಾತು. ದಿನಕ್ಕೆ ಇಷ್ಟು ಸಾವಿರ ಪದ ಅನ್ನುವ ಇಂಗ್ಲಿಷಿನ ಲೆಕ್ಕವನ್ನು ಮೊದಮೊದಲು ನಾನೂ ಹಿಡಿದು ಸೋತೆ. ನಮ್ಮಲ್ಲಿ 'ಮನೆಯಲ್ಲಿದ್ದವರಿಗೂ' ಅನ್ನುವುದು ಒಂದು ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ನಾಲ್ಕೈದು ಪದ ಬೇಕು. ಪದ ಎಣಿಸಿದರೆ ಕನ್ನಡದಲ್ಲಿ ಬರೆಯುವವರು ಸದಾ ಸೋಮಾರಿಗಳೇ. ನಾನು ಪುಟ ಎಣಿಸತೊಡಗಿದೆ. ದಿನಕ್ಕೆ ಒಂದು, ವಾರಕ್ಕೆ ಐದು.

ನಾಲ್ಕನೆಯದೂ 60ರ ಹತ್ತಿರ ಬಂತು. ಎಡಗಡೆ ಬರೆದೆ: 'ಮತ್ತೆ ಅದೇ ಆಗುತ್ತಿದೆ.' ಯಾವ ಪುಟ? ಈ ಸಲ ಉತ್ತರವಿತ್ತು. 57. ಅಲ್ಲಿ ಅಕ್ಕ ಒಂದು ಪತ್ರವನ್ನು ಹರಿದು ಹಾಕುತ್ತಾಳೆ, ಏನೂ ಮಾತಾಡುವುದಿಲ್ಲ. ಬರೆಯುವಾಗ ಆ ಮೌನ ತುಂಬಾ ಗಹನ ಅಂದುಕೊಂಡಿದ್ದೆ. ಅವಳ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತಿರಲಿಲ್ಲ, ಅದಕ್ಕೆ ಮೌನ. ಕಾದಂಬರಿಯನ್ನು ಪಕ್ಕಕ್ಕಿಟ್ಟೆ. ಅವಳು ತಮ್ಮನ ಜೊತೆ ಜಗಳವಾಡುವುದನ್ನು ಬೇರೆ ಹಾಳೆಯಲ್ಲಿ ಬರೆದೆ. ಕತೆಯಲ್ಲಿ ಎಲ್ಲೂ ಬರದ ಜಗಳ. ಹತ್ತು ಪುಟ ಆಯಿತು. ಎಂಟನೇ ಪುಟದಲ್ಲಿ ಅವಳು ಹೇಳಿಬಿಟ್ಟಳು: 'ಈ ಮನೆ ಮಾರಿಹೋಗಲಿ ಅಂತ ನಾನೇ ಕಾಯ್ತಾ ಇದೀನಿ ಕಣೋ.' ಅಲ್ಲಿಯವರೆಗೆ ಮನೆ ಉಳಿಸಲು ಒದ್ದಾಡುವವಳು ಅವಳೇ ಅಂತ ನಾನು ನಂಬಿದ್ದೆ!

ಅಂದರೆ ಹಿಂದಿನ ಮೂರು ಅಧ್ಯಾಯ ತಪ್ಪು. ಮೊದಲಿನ ನಾನಾಗಿದ್ದರೆ ತಿದ್ದಲು ಹಿಂದಕ್ಕೆ ಹೋಗಿ ಅಲ್ಲೇ ಮುಳುಗುತ್ತಿದ್ದೆ. ಈ ಸಲ ಅಂಚಿನಲ್ಲಿ 'ಅಕ್ಕನಿಗೆ ಮನೆ ಬೇಡ, 2ರಿಂದ 4 ತಿದ್ದಬೇಕು' ಅಂತ ಬರೆದು, ಆಗಲೇ ತಿದ್ದಿಯಾಗಿದೆ ಅನ್ನುವ ಹಾಗೆ ಮುಂದೆ ಬರೆಯುತ್ತಾ ಹೋದೆ. ಹದಿನಾಲ್ಕು ತಿಂಗಳಿಗೆ ಮೊದಲ ಕರಡು ಮುಗಿಯಿತು. 290 ಪುಟ.

ಆಮೇಲೆ ಎರಡು ತಿಂಗಳು ಮುಟ್ಟಲಿಲ್ಲ. ತೆಗೆದಾಗ ಗಟ್ಟಿಯಾಗಿ ಓದಿದೆ. ಕಣ್ಣು ಹಾರಿಸುವ ತಪ್ಪಿಗೆ ನಾಲಿಗೆ ಎಡವುತ್ತದೆ. ಇಬ್ಬರಿಗೆ ಓದಲು ಕೊಟ್ಟೆ. ಹೇಗಿದೆ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಪರಿಚಯದವರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ಪಾಪ. ಎಲ್ಲಿ ಕೆಳಗಿಟ್ಟಿರಿ ಅಂತ ಕೇಳಿದೆ. ಇಬ್ಬರೂ ಮೊದಲ 40 ಪುಟದೊಳಗೇ ಒಂದು ಸಲ ಕೆಳಗಿಟ್ಟಿದ್ದರು. ಕತೆ ನಿಜವಾಗಿ ಶುರುವಾಗುತ್ತಿದ್ದದ್ದು 38ನೇ ಪುಟದಲ್ಲಿ. ಮೊದಲ 37 ಪುಟ ಕಿತ್ತೆ. ಅದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಮಳೆಯ ವರ್ಣನೆಯೂ ಹೋಯಿತು. ಈಗಲೂ ಅದರ ಮೇಲೆ ಆಸೆಯಿದೆ.

ಮೊದಲು ಕಳಿಸಿದ ಪ್ರಕಾಶಕರಿಂದ ಎಂಟು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು, ಬೇಡ ಅಂತ. ಅವತ್ತು ಎಡಗಡೆ ಒಂದಿಡೀ ಪುಟ ತುಂಬಿತು. ಬಲಗಡೆ ಬರೆಯಲು ಒಂದು ಅಂಕಿಯೂ ಇರಲಿಲ್ಲ, ಆ ಎರಡು ಸಾಲಿನಲ್ಲಿ ಯಾವ ಪುಟದ ಮಾತೂ ಇರಲಿಲ್ಲವಲ್ಲ. ಮೂರನೆಯವರು ಒಪ್ಪಿಕೊಂಡರು.

ಈಗ ಐದನೆಯದನ್ನು ಬರೆಯುತ್ತಿದ್ದೇನೆ. 58ನೇ ಪುಟದಲ್ಲಿದ್ದೇನೆ. ನಿನ್ನೆ ಎಡಗಡೆ ಎರಡು ದೂರು ಸೇರಿದವು. 'ನಾಲ್ಕನೆಯದು ಹೇಗೋ ಆಗಿಹೋಯಿತು, ಇದು ಆಗಲ್ಲ.' ಬಲಗಡೆ ಖಾಲಿ. 'ಡಾಕ್ಟರು ಯಾಕೆ ಬಂದ, ಯಾಕೆ ಹೋದ?' ಪುಟ 44. ಅದನ್ನು ಇವತ್ತು ನೋಡಬೇಕು.